ಇದ್ದಷ್ಟು ಕಿವಿಯೂ ಹೋದರೆ?

"ಕೇಳಿಸ್ಲಿ ಅಂತ ಹಾಕಿಸ್ಕೊಳ್ಳೋ ಇಂಪ್ಲಾಂಟ್‌ನಿಂದ ಇದ್ದ ಕಿವಿನೂ ಹೋಗುತ್ತಂತೆ, ಹೌದೇನ್ರೋ?"

ಮೆಕ್ಯಾನಿಕಲ್ ವಿಭಾಗದ ಗೆಳೆಯ ಮೆಸ್ಸಿನಲ್ಲಿ ಹೀಗೆ ಕೇಳಿದಾಗ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅವನ ಅಕ್ಕನಿಗೆ ವೈದ್ಯರು ಕಾಕ್ಲಿಯರ್ ಇಂಪ್ಲಾಂಟ್ ಸೂಚಿಸಿದ್ದರು. ಓದಿ ನೋಡಿದೆವು. ಹೌದು, ಹೋಗಬಹುದು, ಎಲ್ಲರಿಗೂ ಹೋಗುವುದಿಲ್ಲ. ಏಕೆ ಹೋಗುತ್ತದೆ ಎನ್ನುವುದು ಮಾತ್ರ ವೈದ್ಯಕೀಯಕ್ಕಿಂತ ನಮ್ಮ ಸಿಲಬಸ್‌ಗೇ ಹತ್ತಿರ ಇದೆ.

ಒಳಕಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನ ಹಾಗೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿರುವ, ದ್ರವ ತುಂಬಿದ ಕೊಳವೆ. ಬಿಚ್ಚಿ ನೇರ ಮಾಡಿದರೆ ಸುಮಾರು 35 ಮಿ.ಮೀ. ಅದರ ಉದ್ದಕ್ಕೂ ಬೇಸಿಲಾರ್ ಪೊರೆ ಇದೆ. ಬುಡದಲ್ಲಿ ಕಿರಿದು, ಬಿಗಿ. ತುದಿಗೆ ಹೋದಂತೆ ಅಗಲ, ಸಡಿಲ. ಹಾಗಾಗಿ ಹೆಚ್ಚಿನ ಫ್ರೀಕ್ವೆನ್ಸಿಗೆ ಬುಡ ಕುಣಿಯುತ್ತದೆ, ಕಡಿಮೆ ಫ್ರೀಕ್ವೆನ್ಸಿಗೆ ತುದಿ. ಶಬ್ದದ ಅಲೆ ಈ ಪೊರೆಯ ಮೇಲೆ ಹೇಗೆ ಸಾಗುತ್ತದೆಂದು ತೋರಿಸಿದ ಬೆಕೆಶಿಗೆ 1961ರಲ್ಲಿ ನೊಬೆಲ್ ಬಂತು. ಪೊರೆಯ ಮೇಲಿರುವ ಕೂದಲ ಕೋಶಗಳು ಕಂಪನವನ್ನು ನರದ ಸಂಕೇತವಾಗಿ ಬದಲಾಯಿಸುತ್ತವೆ. ಅವು ಸತ್ತರೆ ನಮ್ಮಲ್ಲಿ ಮತ್ತೆ ಹುಟ್ಟುವುದಿಲ್ಲ.

ಬಹಳ ಜನರಲ್ಲಿ ಮೊದಲು ಸಾಯುವುದು ಬುಡದ ಕೋಶಗಳು. ಅಕ್ಕನ ಕಥೆಯೂ ಅದೇ. 'ಆ', 'ಊ' ಕೇಳಿಸುತ್ತವೆ, ಗುಡುಗು ಕೇಳಿಸುತ್ತದೆ, ತಂಬೂರಿ ಶ್ರುತಿ ಕೇಳಿಸುತ್ತದೆ. 'ಸ', 'ತ', 'ಹ' ಕೇಳಿಸುವುದಿಲ್ಲ. ಊಟಕ್ಕೆ ಬಡಿಸುವಾಗ ಎದುರಿಗಿದ್ದವರು "ಸಾಕು" ಅಂದರೋ "ಹಾಕು" ಅಂದರೋ ಅವರಿಗೆ ಗೊತ್ತಾಗುವುದಿಲ್ಲ. ಹೀಗೆ ಉಳಿದುಕೊಂಡಿರುವ ಕಡಿಮೆ ಫ್ರೀಕ್ವೆನ್ಸಿಯ ಶ್ರವಣವೇ ಈ ಪ್ರಶ್ನೆಯ ಕೇಂದ್ರ.

ಇಂಪ್ಲಾಂಟ್ ಸತ್ತ ಕೋಶಗಳನ್ನು ಬದಿಗಿಟ್ಟು ನರಕ್ಕೇ ವಿದ್ಯುತ್ ಕೊಡುತ್ತದೆ. ಹೊರಗೆ ಮೈಕ್ ಮತ್ತು ಪ್ರೊಸೆಸರ್, ಚರ್ಮದ ಕೆಳಗೆ ರಿಸೀವರ್, ಕಾಕ್ಲಿಯಾದೊಳಗೆ ಎಲೆಕ್ಟ್ರೋಡ್‌ಗಳ ಸಾಲಿರುವ ತೆಳ್ಳಗಿನ ಎಳೆ. ಮಾತು ಅರ್ಥ ಮಾಡಿಕೊಳ್ಳಲು ಇದು ಅದ್ಭುತ. ಸಂಗೀತದ ಸ್ಥಾಯಿ ಗುರುತಿಸುವುದರಲ್ಲಿ, ಗದ್ದಲದ ನಡುವೆ ಒಬ್ಬರ ದನಿ ಹಿಡಿಯುವುದರಲ್ಲಿ ಸೋಲುತ್ತದೆ. ಅಲ್ಲಿ ನೆರವಿಗೆ ಬರುವುದು ಆ ಉಳಿದ ಸ್ವಂತ ಕಿವಿ. ಸ್ನಾನಕ್ಕೆ ಹೋದಾಗ, ರಾತ್ರಿ ಪ್ರೊಸೆಸರ್ ತೆಗೆದಿಟ್ಟಾಗ ಇರುವುದೂ ಅದೊಂದೇ.

ಈಗ ನಮ್ಮನ್ನು ಕಾಡಿದ ಪ್ರಶ್ನೆ. ಎಳೆ ಒಳಗೆ ಹೋಗುವುದು ಬುಡದ ಕಡೆಯಿಂದ. ಅನೇಕ ಎಳೆಗಳು ಸುರುಳಿಯ ತುದಿಯವರೆಗೆ ತಲುಪುವುದೇ ಇಲ್ಲ. ಹಾಗಿದ್ದರೆ ಮುಟ್ಟದ ಜಾಗದ ಶ್ರವಣ ಹೋಗುವುದೇಕೆ?

ಕೆಲವು ಸಲ ಕಾರಣ ನೇರ. ಸುರುಳಿಯ ತಿರುವಿನಲ್ಲಿ ಎಳೆ ಪೊರೆಯನ್ನು ಚುಚ್ಚಿ ಪಕ್ಕದ ಕೊಳವೆಗೆ ನುಗ್ಗುತ್ತದೆ. ಆಗ ಎರಡೂ ಕಡೆಯ ಬೇರೆ ಬೇರೆ ದ್ರವಗಳು ಬೆರೆತು ಕೋಶಗಳು ಕೆಡುತ್ತವೆ. ವೇಗವಾಗಿ ತಳ್ಳಿದರೆ ಒಳಗಿನ ಒತ್ತಡ ಏರುತ್ತದೆ. ತುಂಬಿದ ಬಾಟಲಿಗೆ ಬಿರಡೆ ಒತ್ತಿದಂತೆ ಅಂದುಕೊಳ್ಳಿ, ದ್ರವ ಕುಗ್ಗುವುದಿಲ್ಲವಲ್ಲ.

ಇನ್ನೊಂದು ಬಗೆ ವಿಚಿತ್ರ. ಆಪರೇಷನ್ ಆದ ಮೇಲೆ ಶ್ರವಣ ಚೆನ್ನಾಗಿಯೇ ಇದ್ದು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಇಳಿಯುತ್ತದೆ. ದೇಹ ಎಳೆಯನ್ನು ಹೊರಗಿನ ವಸ್ತು ಎಂದು ಗುರುತಿಸಿ ಉರಿಯೂತ ಎಬ್ಬಿಸುತ್ತದೆ, ಸುತ್ತ ಗಾಯದ ನಾರು ಬೆಳೆಸುತ್ತದೆ, ಕೆಲವೆಡೆ ಹೊಸ ಮೂಳೆಯನ್ನೂ. ಕಡಿಮೆ ಫ್ರೀಕ್ವೆನ್ಸಿಯ ಅಲೆ ತುದಿಗೆ ಹೋಗಬೇಕಾದರೆ ಬುಡವನ್ನು ದಾಟಿಯೇ ಹೋಗಬೇಕು. ಅಲ್ಲಿ ನಾರು ಪೊರೆಗೆ ಅಂಟಿದರೆ ಸ್ಪ್ರಿಂಗ್ ಬಿಗಿಯಾದಂತೆ, ಡ್ಯಾಂಪಿಂಗ್ ಹೆಚ್ಚಿದಂತೆ. ಕಂಪನಕ್ಕೆ ದ್ರವ ಅತ್ತಿತ್ತ ಸರಿಯಲು ರೌಂಡ್ ವಿಂಡೋ ಎಂಬ ಮೃದು ಕಿಟಕಿ ಉಬ್ಬಬೇಕು. ಎಳೆ ಸಾಮಾನ್ಯವಾಗಿ ಒಳಹೋಗುವ ದಾರಿಯೂ ಅದೇ, ಅಲ್ಲೂ ಗಾಯ ಬಿಗಿಯಬಹುದು. ಅಂದರೆ ತುದಿಯ ಕೋಶಗಳು ಬದುಕಿದ್ದರೂ ಅಲೆಯೇ ಅಲ್ಲಿಗೆ ಸರಿಯಾಗಿ ತಲುಪದಿರಬಹುದು. ಇದು ಎಲ್ಲರೂ ಒಪ್ಪಿದ ಪೂರ್ಣ ಉತ್ತರವಲ್ಲ, ಒಂದು ವಿವರಣೆ. ಆದರೆ ನಮಗೆ ತುಂಬ ಮನವರಿಕೆಯಾದದ್ದು ಇದೇ.

ಒಂದು ಕಾಲದಲ್ಲಿ ಉಳಿದ ಶ್ರವಣ ಹೇಗೂ ಹೋಗುತ್ತದೆ ಎಂದುಕೊಂಡೇ ಆಪರೇಷನ್ ಮಾಡುತ್ತಿದ್ದರು. 1993ರಲ್ಲಿ ಜರ್ಮನಿಯ ಲೆನ್‌ಹಾರ್ಟ್ ಮೃದು ಶಸ್ತ್ರಚಿಕಿತ್ಸೆಯ ಕ್ರಮ ವಿವರಿಸಿದರು: ಚಿಕ್ಕ ತೂತು, ನಿಧಾನ ಕೈ, ದ್ರವ ಹೀರದೆ ಇರುವುದು. 1999ರಲ್ಲಿ ಫ್ರಾಂಕ್‌ಫರ್ಟ್‌ನ ಫಾನ್ ಇಲ್‌ಬರ್ಗ್ ತಂಡ ಒಂದೇ ಕಿವಿಯಲ್ಲಿ ಇಂಪ್ಲಾಂಟ್ ಮತ್ತು ಹಿಯರಿಂಗ್ ಏಡ್ ಎರಡನ್ನೂ ಜೊತೆಯಾಗಿ ಬಳಸಬಹುದೆಂದು ತೋರಿಸಿತು. ಅಯೋವಾದ ಗ್ಯಾಂಟ್ಜ್ ತಂಡ 10 ಮಿ.ಮೀ. ಉದ್ದದ ಚಿಕ್ಕ ಎಳೆಯನ್ನೇ ಪ್ರಯೋಗಿಸಿತು. ಸ್ಟೀರಾಯ್ಡ್ ಕೊಡುವ ರೂಢಿಯೂ ಬಂತು. ಈಗ ಎಳೆ ತೂರಿಸುವಾಗಲೇ ಕಿವಿಗೆ ಟೋನ್ ನುಡಿಸಿ, ಕಾಕ್ಲಿಯಾದಿಂದ ಬರುವ ಸಿಗ್ನಲ್ಲನ್ನು ಆ ಎಲೆಕ್ಟ್ರೋಡ್‌ನಿಂದಲೇ ಅಳೆಯುವ ಪದ್ಧತಿ ಇದೆ. ಸಿಗ್ನಲ್ ಕುಸಿದರೆ ಸರ್ಜನ್ ನಿಲ್ಲಿಸುತ್ತಾರೆ, ಬೇಕಿದ್ದರೆ ತುಸು ಹಿಂದೆಳೆಯುತ್ತಾರೆ. ರಿವರ್ಸ್ ತೆಗೆಯುವಾಗ ಬೀಪ್ ಅನ್ನುವ ಕಾರಿನ ಸೆನ್ಸರ್ ಇದ್ದ ಹಾಗೆ.

ಚಿಕ್ಕ ಎಳೆ ಹಾಕಿದರೆ ಆಯ್ತಲ್ಲ ಅಂತ ನಾವೂ ಅಂದುಕೊಂಡೆವು. ಅಷ್ಟು ಸುಲಭ ಇಲ್ಲ. ಮುಂದೆ ಸ್ವಂತ ಶ್ರವಣ ಹೋಗಿಬಿಟ್ಟರೆ ಚಿಕ್ಕ ಎಳೆಗೆ ಕಡಿಮೆ ಫ್ರೀಕ್ವೆನ್ಸಿಯ ನರಗಳು ಎಟುಕುವುದಿಲ್ಲ. ಉದ್ದ ಎಳೆಗಾಗಿ ಇನ್ನೊಂದು ಆಪರೇಷನ್ ಬೇಕಾಗಬಹುದು. ಉದ್ದ ಎಳೆ ಹಾಕಿದರೆ ಇವತ್ತಿನ ಶ್ರವಣಕ್ಕೇ ಅಪಾಯ ಹೆಚ್ಚಬಹುದು. ನಮ್ಮ ಪರೀಕ್ಷೆಯಲ್ಲಿ ಟ್ರೇಡ್-ಆಫ್ ಬಗ್ಗೆ ಹತ್ತು ಅಂಕಕ್ಕೆ ಬರೆದು ಮರೆತುಬಿಡುತ್ತೇವೆ. ಇಲ್ಲಿ ಅದರೊಂದಿಗೆ ಜೀವನವಿಡೀ ಇರುವವರು ಅಕ್ಕ.

ಇಷ್ಟನ್ನೂ ನಾವು ಗೆಳೆಯನಿಗೆ ಹೇಳಿದೆವು, ಅವನು ಫೋನಿನಲ್ಲಿ ಅಕ್ಕನಿಗೆ ಮೆಸೇಜ್ ಮಾಡಿದ. ಅವರು ಡೈರಿಯಲ್ಲಿ ಮೂರು ಪ್ರಶ್ನೆ ಬರೆದುಕೊಂಡಿದ್ದಾರಂತೆ: ಎಳೆ ಎಷ್ಟು ಉದ್ದದ್ದು, ಹಾಕುವಾಗ ಸಿಗ್ನಲ್ ಅಳೆಯುತ್ತೀರಾ, ನನ್ನ ಶ್ರವಣ ಹೋದರೆ ಆಮೇಲೆ ಏನು ಮಾಡುತ್ತೀರಿ. ಡಾಕ್ಟರ ಭೇಟಿ ದಸರಾ ರಜೆಯಲ್ಲಿದೆ.