‘ಊಠ’ ಅಂದರೆ ಊಟವಲ್ಲ: ಹೊಸ ಶಾಲೆಯಲ್ಲಿ ಮಗುವಿನ ಭಯ ಇಳಿಸುವ ದಾರಿ

ಮರಾಠಿ ಶಾಲೆಯಲ್ಲಿ ಬಾಈ (ಶಿಕ್ಷಕಿ) ‘ಊಠ’ ಎಂದರೆ ಎದ್ದು ನಿಲ್ಲಬೇಕು, ‘ಬಸ್’ ಎಂದರೆ ಕೂರಬೇಕು. ಕಲಬುರಗಿ ಕಡೆಯ ಹಳ್ಳಿಯಿಂದ ಬಂದು ಎರಡನೇ ತರಗತಿಗೆ ಸೇರಿದ ಮಗುವಿನ ಕಿವಿಗೆ ಮೊದಲನೆಯದು ಊಟ, ಎರಡನೆಯದು ರಸ್ತೆಯಲ್ಲಿ ಓಡುವ ಬಸ್ಸು. ಎಲ್ಲರೂ ಎದ್ದು ನಿಂತಾಗ ಅದೊಂದೇ ಡಬ್ಬಿಗೆ ಕೈ ಹಾಕಿದರೆ ತರಗತಿ ಗೊಳ್ಳೆಂದು ನಗುತ್ತದೆ. ದೊಡ್ಡವರಿಗೆ ಇದು ತಮಾಷೆ. ಮಗು ಮಾತ್ರ ಮರುದಿನ ಬೆಳಗ್ಗೆ ಹೊಟ್ಟೆನೋವು ಎಂದು ಮುದುಡಿಕೊಂಡು ಮಲಗುತ್ತದೆ. ಇಂಥ ಮಕ್ಕಳು ಬಂದು ಸೇರುವ ಊರುಗಳಲ್ಲಿ ಒಂದು ಪುಣೆ ಜಿಲ್ಲೆ ಶಿರೂರು ತಾಲ್ಲೂಕಿನ ರಾಂಜಣಗಾಂವ, ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಊರು. ಪುಣೆ–ಅಹಿಲ್ಯಾನಗರ ಹೆದ್ದಾರಿಯ ಈ ಊರಿನಲ್ಲಿ ಈಗ ಎಂಐಡಿಸಿ ಕೈಗಾರಿಕಾ ಪ್ರದೇಶ ಬೆಳೆದು ನಿಂತಿದೆ. ಟಿವಿ, ಫ್ರಿಜ್, ಕಾರು ತಯಾರಿಸುವ ಕಾರ್ಖಾನೆಗಳಿವೆ. ಕೆಲಸ ಹುಡುಕಿ ಬೀದರ್, ಕಲಬುರಗಿ, ವಿಜಯಪುರ ಕಡೆಯವರು ಪುಣೆ ಸುತ್ತಮುತ್ತ ಬರುವುದು ಹೊಸತಲ್ಲ. ತಂದೆ ತಾಯಿಗೆ ಸಿಕ್ಕುವುದು ಡ್ಯೂಟಿ, ಮಗುವಿಗೆ ಸಿಕ್ಕುವುದು ಗುರುತಿಲ್ಲದ ಶಾಲೆ. ಅಲ್ಲಿ ಅದರ ಭಯ ಇಳಿಸಲು ಮನೆಯವರು ಮತ್ತು ಶಿಕ್ಷಕರು ಏನೇನು, ಯಾವ ಕ್ರಮದಲ್ಲಿ ಮಾಡಬಹುದು ಎಂಬುದಷ್ಟೇ ಈ ಬರಹದ ವಿಷಯ.

ಮೊದಲು ಆ ಹೊಟ್ಟೆನೋವನ್ನು ನಂಬಬೇಕು. ಅಪಾಯವಿದೆ ಎಂದು ಮಿದುಳಿಗೆ ಅನ್ನಿಸಿದ ಕ್ಷಣದಲ್ಲೇ ಅಡ್ರಿನಲಿನ್ ಹರಿಯುತ್ತದೆ, ಕೆಲವು ನಿಮಿಷಗಳಲ್ಲಿ ಕಾರ್ಟಿಸೋಲ್ ಏರುತ್ತದೆ. ಎದೆ ಬಡಿತ ಹೆಚ್ಚುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ, ಹೊಟ್ಟೆ ಹಿಂಡಿದಂತಾಗುತ್ತದೆ. ಓಡಲು ಸಿದ್ಧವಾದ ದೇಹಕ್ಕೆ ಮಗ್ಗಿ ಹೇಳುವುದು ಕಷ್ಟ, ಏಕೆಂದರೆ ಯೋಚಿಸಿ ನೆನಪಿಟ್ಟುಕೊಳ್ಳುವ, ಹಣೆಯ ಹಿಂದಿನ ಭಾಗ ಆ ಹೊತ್ತಿನಲ್ಲಿ ಹಿಂದೆ ಸರಿದಿರುತ್ತದೆ. ಹಾಗಾಗಿ ಹೆದರಿದ ಮಗು ದಡ್ಡನಂತೆ ಕಾಣುತ್ತದೆ. ‘ಸ್ವಲ್ಪ ಒತ್ತಡ ಇಲ್ಲದಿದ್ದರೆ ಮಕ್ಕಳು ಓದುತ್ತಾರೆಯೇ?’ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ, ಅದರಲ್ಲಿ ಅರ್ಧ ಸತ್ಯವೂ ಇದೆ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಸುಲಭದ ಕೆಲಸಕ್ಕೆ ಬಿಗಿ ಹೆಚ್ಚಿದ್ದರೂ ನಡೆಯಿತು. ಕೆಲಸ ಕಷ್ಟವಾದಂತೆ ಹೆಚ್ಚಿನ ಬಿಗಿ ಕಲಿಕೆಯನ್ನೇ ಕೆಡಿಸಿತು. ಗೊತ್ತಿಲ್ಲದ ಭಾಷೆಯಲ್ಲಿ, ಗೊತ್ತಿಲ್ಲದ ಲಿಪಿಯಲ್ಲಿ ಗಣಿತ ಕಲಿಯುವುದಕ್ಕಿಂತ ಕಷ್ಟದ ಕೆಲಸ ಏಳು ವರ್ಷದ ಮಗುವಿಗೆ ಯಾವುದಿದೆ? ಎನ್‌ಸಿಇಆರ್‌ಟಿ 2022ರಲ್ಲಿ ದೇಶದ 3,79,842 ವಿದ್ಯಾರ್ಥಿಗಳನ್ನು ಕೇಳಿದಾಗ ಶೇ 81ರಷ್ಟು ಮಂದಿ ಓದು, ಪರೀಕ್ಷೆ, ಫಲಿತಾಂಶವೇ ತಮ್ಮ ಆತಂಕಕ್ಕೆ ಕಾರಣ ಎಂದರು. ಭಾಷೆ ಬಾರದ ಮಗುವಿಗೆ ಪ್ರತಿ ಪೀರಿಯಡ್ಡೂ ಪರೀಕ್ಷೆಯೇ.

ಈ ಭಯ ಬುದ್ಧಿವಾದಕ್ಕೆ ಬಗ್ಗುವುದಿಲ್ಲ. ‘ಹೆದರಬೇಡ’ ಎಂದ ಮಾತ್ರಕ್ಕೆ ಯಾರ ಕಾರ್ಟಿಸೋಲೂ ಇಳಿದದ್ದಿಲ್ಲ. ಮುಂದೆ ಏನಾಗಲಿದೆ ಎಂದು ಮೊದಲೇ ತಿಳಿದಿದ್ದರೆ, ಕರೆದರೆ ಓಗೊಡುವ ಒಬ್ಬ ದೊಡ್ಡವರು ಹತ್ತಿರ ಇದ್ದಾರೆಂಬ ಖಾತರಿ ಇದ್ದರೆ ಇಳಿಯುತ್ತದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಜಗಳ, ಕಾಯಿಲೆಗಳ ನಡುವೆ ಬೆಳೆದವರಲ್ಲೂ ಸುಮಾರು ಮೂರನೇ ಒಂದು ಭಾಗದ ಮಕ್ಕಳು ಚೆನ್ನಾಗಿಯೇ ಬಾಳಿದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ಅವರನ್ನು ನಂಬಿದ ಒಬ್ಬ ಅಜ್ಜಿ, ಒಬ್ಬ ನೆರೆಯವರು, ಒಬ್ಬ ಶಿಕ್ಷಕಿ. ದುಡ್ಡು ಬೇಡದ ಔಷಧ ಇದು, ಆದರೆ ದಿನವೂ ಕೊಡಬೇಕು.

ಕೆಲಸ ಶಾಲೆಗೆ ಸೇರಿಸುವ ಮೊದಲೇ ಶುರುವಾಗುತ್ತದೆ. ಕರ್ನಾಟಕದ ಶಾಲೆಗಳು ಮೇ ಕೊನೆಗೆ ತೆರೆದರೆ ಮಹಾರಾಷ್ಟ್ರದವು ಜೂನ್ ನಡುವೆ ತೆರೆಯುತ್ತವೆ. ಆ ಎರಡು ವಾರ ಊರಲ್ಲಿ ಕಳೆಯುವ ಬದಲು ಇಲ್ಲಿಗೆ ಬಂದು ಮಗುವಿಗೆ ಶಾಲೆಯ ದಾರಿ, ಗೇಟು, ನಲ್ಲಿ, ಶೌಚಾಲಯ ತೋರಿಸಿ. ಹಳೆಯ ಶಾಲೆಯ ವರ್ಗಾವಣೆ ಪತ್ರ (ಟಿಸಿ) ಇನ್ನೂ ಬಂದಿಲ್ಲವೆಂದು ಮನೆಯಲ್ಲಿ ಕೂರಿಸಬೇಡಿ. ಟಿಸಿ ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ, ಜನನ ಪ್ರಮಾಣಪತ್ರ ಇಲ್ಲವೆಂದು ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಇನ್ನು ಮೂರು ಮರಾಠಿ ವಾಕ್ಯಗಳನ್ನು ಬಾಯಿಪಾಠ ಮಾಡಿಸಿ: ‘ಬಾಈ, ಲಘವೀಲಾ ಜಾಊ ಕಾ?’ (ಮೂತ್ರಕ್ಕೆ ಹೋಗಲೇ?), ‘ಮಲಾ ಸಮಜಲಂ ನಾಹಿ’ (ನನಗೆ ತಿಳಿಯಲಿಲ್ಲ), ‘ಮಾಝಂ ಪೋಟ ದುಖತಂಯ’ (ಹೊಟ್ಟೆ ನೋಯುತ್ತಿದೆ). ಅಕ್ಷರಮಾಲೆಗಿಂತ ಮೊದಲು ಇವು ಬೇಕು. ಕೇಳಲು ಮಾತು ಬಾರದೆ ಚಡ್ಡಿ ಒದ್ದೆ ಮಾಡಿಕೊಂಡ ಮಗುವನ್ನು ಮತ್ತೆ ಆ ಬೆಂಚಿಗೆ ಕರೆತರಲು ತಿಂಗಳೇ ಬೇಕಾದೀತು.

ಮುಂದಿನ ಹದಿನೈದು ದಿನ ಶಿಕ್ಷಕರ ಕೈಯಲ್ಲಿವೆ. ಮಗುವನ್ನು ಅದರ ಹೆಸರಿನಿಂದಲೇ ಕರೆಯಿರಿ, ‘ಕರ್ನಾಟಕದವನು’ ಎಂದಲ್ಲ. ದಿನವೂ ಅದೇ ಜಾಗ ಕೊಡಿ. ಪಕ್ಕದಲ್ಲಿ ಸಮಾಧಾನದ ಸ್ವಭಾವದ ಒಬ್ಬ ಗೆಳೆಯ, ಹಿಂದಿಯಾದರೂ ಅಷ್ಟಿಷ್ಟು ಬಲ್ಲವನಾದರೆ ಇನ್ನೂ ಒಳ್ಳೆಯದು. ದಿನದ ಪಾಠಗಳ ಕ್ರಮವನ್ನು ಹಲಗೆಯ ಮೂಲೆಯಲ್ಲಿ ಚಿತ್ರವಾಗಿ ಬರೆದಿಡಿ: ಪುಸ್ತಕ, ತಟ್ಟೆ, ಚೆಂಡು, ಮನೆ. ತಟ್ಟೆ ಯಾವಾಗ, ಮನೆ ಯಾವಾಗ ಎಂದು ತಿಳಿದ ಮಗು ಬಾಗಿಲನ್ನೇ ನೋಡುತ್ತಾ ಕೂರುವುದಿಲ್ಲ. ಎದ್ದು ನಿಂತು ಗಟ್ಟಿಯಾಗಿ ಓದೆಂದು ಮೊದಲ ತಿಂಗಳಲ್ಲೇ ಒತ್ತಾಯಿಸಬೇಡಿ. ಎರಡನೇ ಭಾಷೆಗೆ ಇಳಿದ ಮಕ್ಕಳು ಕೆಲಕಾಲ, ಕೆಲವರು ತಿಂಗಳುಗಟ್ಟಲೆ, ಮೌನವಾಗಿರುವುದು ಸಹಜ. ಕೇಳಿಸಿಕೊಳ್ಳುವ ಕೆಲಸ ಒಳಗೆ ನಡೆದೇ ಇರುತ್ತದೆ. ಬೆರಳು ತೋರಿಸಿ, ಚಿತ್ರ ಬರೆದು, ತಲೆಯಾಡಿಸಿ ಕೊಡುವ ಉತ್ತರವನ್ನೂ ಉತ್ತರವೆಂದೇ ಎಣಿಸಿ. ತಪ್ಪಿಗೆ ತರಗತಿ ನಕ್ಕರೆ ಆ ಕ್ಷಣವೇ ನಿಲ್ಲಿಸಿ, ‘ಊಟ’ ಎಂದರೇನೆಂದು ಕನ್ನಡದ ಮಗುವಿನಿಂದಲೇ ಎಲ್ಲರಿಗೂ ಹೇಳಿಸಿದರೆ ನಕ್ಕವರೂ ಒಂದು ಪದ ಕಲಿತಂತಾಗುತ್ತದೆ. ಮನೆಯಲ್ಲಿ ಕನ್ನಡ ಬಿಟ್ಟು ಮರಾಠಿಯನ್ನೇ ಆಡಿ ಎಂಬ ಸಲಹೆ ಮಾತ್ರ ಬೇಡ. ಮರಾಠಿ ಬೇಕೇ ಬೇಕು, ಈ ಊರಲ್ಲಿ ಬದುಕುವ ಭಾಷೆ ಅದು. ಆದರೆ ದಿನವಿಡೀ ತಡವರಿಸಿದ ಮಗುವಿಗೆ ತಡೆಯಿಲ್ಲದೆ ಮಾತಾಡಲು ಒಂದು ಜಾಗ ಉಳಿಯಬೇಕು.

‘ಐವತ್ತು ಮಕ್ಕಳ ತರಗತಿಯಲ್ಲಿ ಒಬ್ಬೊಬ್ಬರನ್ನು ಹೀಗೆ ನೋಡಲು ಪುರಸೊತ್ತೆಲ್ಲಿ?’ ಎಂಬ ಶಿಕ್ಷಕರ ತಕರಾರು ನ್ಯಾಯವಾದದ್ದು. ಮಾಹಿತಿ ತುಂಬುವ ಕೆಲಸವೇ ಪಾಠದ ಹೊತ್ತನ್ನು ತಿನ್ನುತ್ತಿರುವಾಗ ಮೇಲಿನಿಂದ ಇನ್ನೊಂದು ಸುತ್ತೋಲೆ ಬಂದರೆ ಸಿಟ್ಟು ಬರುವುದೇ. ಆದರೆ ಮೇಲೆ ಹೇಳಿದ ಯಾವುದಕ್ಕೂ ಬೇರೆ ಪೀರಿಯಡ್ ಬೇಡ. ಬಾಗಿಲಲ್ಲಿ ನಿಂತು ಹೆಸರು ಹೇಳಿ ಒಳಗೆ ಬರಮಾಡಿಕೊಳ್ಳುವುದಕ್ಕೆ ಐದು ನಿಮಿಷ ಸಾಕು, ಗಲಾಟೆ ಅಡಗಿಸಲು ಖರ್ಚಾಗುವ ಹೊತ್ತು ಅದಕ್ಕಿಂತ ಹೆಚ್ಚು. ‘ನಮಗೂ ಏಟು ಬಿದ್ದಿತ್ತು, ನಾವು ಹಾಳಾದೆವೇ?’ ಎಂಬ ಇನ್ನೊಂದು ಮಾತಿಗೆ ಇಷ್ಟು ಕರುಣೆ ಸಲ್ಲದು. ಏಟು ತಿಂದೂ ಓದಿದವರು ಮಾತ್ರ ಇಂದು ಈ ಮಾತು ಹೇಳಲು ಉಳಿದಿದ್ದಾರೆ. ಏಟಿಗೆ ಹೆದರಿ ಶಾಲೆ ಬಿಟ್ಟವರನ್ನು ಯಾರೂ ಕೇಳುವುದಿಲ್ಲ. ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮಗುವನ್ನು ಭಯ, ಆಘಾತ, ಆತಂಕದಿಂದ ಮುಕ್ತವಾಗಿಡುವುದನ್ನು 29ನೇ ಸೆಕ್ಷನ್ ಪಠ್ಯಕ್ರಮದ ಗುರಿಗಳಲ್ಲೇ ಸೇರಿಸಿದೆ. ಇದು ಶಿಕ್ಷಕರ ದಯೆಗೆ ಬಿಟ್ಟ ಸಂಗತಿಯಲ್ಲ.

ಮನೆಯ ಪಾಲು ಡ್ಯೂಟಿಯ ಸುತ್ತ ತಿರುಗುತ್ತದೆ. ಈ ವಾರ ಫಸ್ಟ್ ಶಿಫ್ಟ್, ಮುಂದಿನ ವಾರ ನೈಟ್. ಶಾಲೆಯಿಂದ ಬಂದಾಗ ಬಾಗಿಲು ತೆಗೆಯುವವರು ಯಾರು ಎಂಬುದೇ ಮಗುವಿಗೆ ಒಗಟು. ಕ್ಯಾಲೆಂಡರಿನಲ್ಲಿ ಅಪ್ಪನ ಶಿಫ್ಟಿಗೊಂದು, ಅಮ್ಮನ ಶಿಫ್ಟಿಗೊಂದು ಬಣ್ಣದ ಗುರುತು ಹಾಕಿ. ಇಬ್ಬರೂ ಇಲ್ಲದ ದಿನ ಯಾರ ಮನೆಗೆ ಹೋಗಬೇಕೆಂದೂ ಗುರುತಿಸಿ. ಒಂದೇ ಕೋಣೆಯ ಮನೆಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಬಂದವರ ಊಟ, ಮೊಬೈಲು ನಡುರಾತ್ರಿವರೆಗೂ ನಡೆದರೆ ಮಗುವಿಗೆ ನಿದ್ದೆ ಎಲ್ಲಿಯದು? ನಿದ್ದೆಯ ಚಿಂತೆಯಿಂದಲೇ ಮಹಾರಾಷ್ಟ್ರ ಸರ್ಕಾರ 2024ರಲ್ಲಿ ನಾಲ್ಕನೇ ತರಗತಿವರೆಗಿನ ಮಕ್ಕಳಿಗೆ ಬೆಳಗ್ಗೆ 9ಕ್ಕಿಂತ ಮೊದಲು ಶಾಲೆ ಬೇಡ ಎಂದಿತು. ‘ಇವತ್ತು ಏನು ಕಲಿತಿ?’ ಎಂಬುದರ ಬದಲು ‘ಡಬ್ಬಿ ಯಾರ ಜೊತೆ ತಿಂದಿ?’ ಎಂದು ಕೇಳಿ. ‘ಯಾರೂ ಇಲ್ಲ’ ಎಂಬ ಉತ್ತರ ವಾರವಿಡೀ ಬಂದರೆ ಶಾಲೆಗೆ ಹೋಗಿ ಬಾಈಯನ್ನು ಕಾಣುವ ಹೊತ್ತಾಯಿತು.

ಎಲ್ಲ ಭಯವೂ ಹೊಸತನದ ಭಯವಲ್ಲ ಎಂಬ ಎಚ್ಚರ ಇರಲಿ. ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನೋ ಜಾಗವನ್ನೋ ಕಂಡು ಮಗು ಬೆದರಿದರೆ, ಮೈಮೇಲೆ ಗಾಯವಿದ್ದರೆ, ‘ಸಾಯಬೇಕು’ ಎಂಬ ಮಾತು ಬಂದರೆ ಕಾಯಬಾರದು. ಮಹಾರಾಷ್ಟ್ರದ ಬದ್ಲಾಪುರದ ಶಾಲೆಯಲ್ಲಿ ಪುಟ್ಟ ಬಾಲಕಿಯರ ಮೇಲೆ ನಡೆದ ಲೈಂಗಿಕ ದೌರ್ಜನ್ಯ 2024ರ ಆಗಸ್ಟಿನಲ್ಲಿ ಬಯಲಾದ ಮೇಲೆ ಸಿಸಿಟಿವಿ, ದೂರು ಪೆಟ್ಟಿಗೆ, ಮಕ್ಕಳ ಸುರಕ್ಷತೆ ನೋಡುವ ಸಖಿ ಸಾವಿತ್ರಿ ಸಮಿತಿಗಳ ಬಗ್ಗೆ ರಾಜ್ಯ ಸರ್ಕಾರ ಬಿಗಿ ಆದೇಶ ಹೊರಡಿಸಿತು. ಸಿಸಿಟಿವಿ ನಡೆದದ್ದನ್ನು ತೋರಿಸೀತು, ಅಳುವ ಮಗುವಿನ ಮಾತು ಕೇಳಿಸಿಕೊಳ್ಳಲಾರದು. ನಿಮ್ಮ ಶಾಲೆಯ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ನಡೆಯಿತು ಎಂದು ವಿಚಾರಿಸಿ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಒಬ್ಬರಾದರೂ ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ; ಅದನ್ನೂ ಕೇಳಿ. ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ, ಶಾಲೆಯ ಮರ್ಯಾದೆಯ ಮಾತು ಅಲ್ಲಿ ನಡೆಯದು. ಅಪಾಯದಲ್ಲಿರುವ ಮಗುವಿಗಾಗಿ ಸಹಾಯವಾಣಿ 1098. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ ಸಹಾಯವಾಣಿ, 14416. ಹಗಲು ರಾತ್ರಿ ಉಚಿತ, ಭಾಷೆ ಆರಿಸಿಕೊಳ್ಳುವ ಅವಕಾಶವಿದೆ, ಆ ಭಾಷೆಗಳಲ್ಲಿ ಕನ್ನಡವೂ ಒಂದು.