ಆಟದ ಬಯಲು, ಓದಿನ ಕೋಣೆ

ಆಟದಲ್ಲಿ ಮುಂದಾದವನು ಪಾಠದಲ್ಲಿ ಹಿಂದಾಗಲೇಬೇಕೆಂಬುದು ನಮ್ಮ ಮನೆಗಳಲ್ಲಿ ಬೇರೂರಿರುವ ನಂಬಿಕೆ. ಎರಡನ್ನೂ ಸರಿದೂಗಿಸಬೇಕೆಂಬುದು ಹಿರಿಯರ ಉಪದೇಶ. ಎರಡರಲ್ಲಿಯೂ ಹೆಸರು ಗಳಿಸಿದವರ ಜೀವನವನ್ನು ನೋಡಿದರೆ, ಅವರು ದಿನವನ್ನು ಸಮಪಾಲು ಮಾಡಿಕೊಂಡವರಲ್ಲ, ಯಾವ ಕಾಲಕ್ಕೆ ಯಾವುದನ್ನು ಬಿಡಬೇಕೆಂದು ನಿಶ್ಚಯಿಸಿಕೊಂಡವರು ಎಂದು ತಿಳಿಯುತ್ತದೆ.

ಇಂಗ್ಲೆಂಡಿನ ರೋಜರ್ ಬ್ಯಾನಿಸ್ಟರ್ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದಾಗ ಓಟದ ಅಭ್ಯಾಸಕ್ಕೆ ಮುಖ್ಯವಾಗಿ ದೊರೆಯುತ್ತಿದ್ದುದು ಮಧ್ಯಾಹ್ನದ ಊಟದ ವಿರಾಮ. ಇದಕ್ಕೆ ಬೆಲೆಯನ್ನೂ ತೆತ್ತರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ 1500 ಮೀಟರ್ ಓಟಕ್ಕೆ ನಿರೀಕ್ಷಿಸದಿದ್ದ ಒಂದು ಸುತ್ತು ಹೆಚ್ಚಾಗಿ ಸೇರಿತು; ಮೇಲಿಂದ ಮೇಲೆ ಓಡುವಷ್ಟು ಪಳಗಿರದ ದೇಹ ಬಳಲಿತು; ನಾಲ್ಕನೆಯ ಸ್ಥಾನವಷ್ಟೆ ದೊರೆಯಿತು. ಅನಂತರ ಇದ್ದ ಹೊತ್ತನ್ನೇ ಬಿಗಿಯಾಗಿ ಬಳಸಿದರು. 440 ಗಜದ ಹತ್ತು ಓಟ, ನಡುವೆ ಎರಡೆರಡು ನಿಮಿಷದ ಬಿಡುವು. 1953ರ ಡಿಸೆಂಬರಿನಲ್ಲಿ ಒಂದೊಂದಕ್ಕೆ 66 ಸೆಕೆಂಡು ಹಿಡಿಯುತ್ತಿದ್ದುದು ಮುಂದಿನ ಏಪ್ರಿಲ್‌ಗೆ 61ಕ್ಕೆ ಇಳಿದು ಅಲ್ಲಿಯೇ ನಿಂತುಬಿಟ್ಟಿತು. ಆಗ ಗೆಳೆಯ ಕ್ರಿಸ್ ಬ್ರಾಶರ್ ಜೊತೆ ಬೆಟ್ಟ ಹತ್ತಲೆಂದು ಸ್ಕಾಟ್ಲೆಂಡಿಗೆ ಹೋಗಿ, ಕೆಲವು ದಿನ ಓಟವನ್ನೇ ಮರೆತು ಬಂದರು. ಬಂದ ಮೇಲೆ 59! ಬಿಡುವೂ ಅಭ್ಯಾಸದ ಭಾಗವೆಂಬುದನ್ನು ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣಿಗೆ ನೀರೆರಚಿಕೊಂಡು ಓದುವ ನಾವು ಗಮನಿಸಬೇಕು. 1954ರ ಮೇ 6ರಂದು ಬೆಳಿಗ್ಗೆ ಎಂದಿನಂತೆ ಆಸ್ಪತ್ರೆಗೆ ಹೋಗಿ, ರೈಲಿನಲ್ಲಿ ಆಕ್ಸ್‌ಫರ್ಡ್ ಸೇರಿ, ಸಂಜೆ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದರು. ನಾಲ್ಕು ನಿಮಿಷದೊಳಗೆ ಮೈಲಿ ಓಡಿದವರಲ್ಲಿ ಅವರೇ ಮೊದಲಿಗರು. ಆ ವರ್ಷದ ಕೊನೆಗೆ ಪಂದ್ಯಗಳನ್ನು ತ್ಯಜಿಸಿದರು. ಮುಂದೆ ನರರೋಗ ತಜ್ಞರಾದರು.

ನಮ್ಮ ನಾಡಿನ ಇ. ಎ. ಎಸ್. ಪ್ರಸನ್ನ ಅವರ ಆಯ್ಕೆ ಇನ್ನೂ ಕಠಿಣವಾದುದು. 1962ರಲ್ಲಿ ಮದರಾಸಿನಲ್ಲಿ ಮೊದಲ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸಿಗೂ ಹೋಗಿಬಂದ ತರುಣ, ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಲೆಂದು ಆಟದಿಂದ ಹಿಂದೆ ಸರಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಇಪ್ಪತ್ತೇ ಟೆಸ್ಟ್‌ಗಳಲ್ಲಿ ನೂರು ವಿಕೆಟ್ ಪಡೆದರು. ಒಟ್ಟು 49 ಟೆಸ್ಟ್‌ಗಳಲ್ಲಿ 189. ಆದರೆ ಇದು ಎಲ್ಲರಿಗೂ ಒಗ್ಗುವ ದಾರಿಯಲ್ಲ. ಸ್ಪಿನ್ ಬೌಲರಿನ ಕೈ ವಯಸ್ಸಿನೊಡನೆ ಮಾಗುತ್ತದೆ. ಓಟಗಾರನಿಗೆ, ಕಬಡ್ಡಿ ಆಡುವವನಿಗೆ ಇಪ್ಪತ್ತೊಂದರಿಂದ ಇಪ್ಪತ್ತಾರರವರೆಗಿನ ವರುಷಗಳು ಹೋದರೆ ಹೋದವೇ. ಮನೆತನಕ್ಕೆ ಮೊದಲ ಪದವಿ ತರಬೇಕಾದವನು ಓದನ್ನೂ ಮುಂದೂಡಲಾರ.

ವಿಶ್ವವಿದ್ಯಾನಿಲಯದ ತಂಡದಲ್ಲಿ ಆಡಿದವರಿಗೆ ಹಾಜರಿಯಲ್ಲಿ ರಿಯಾಯಿತಿ ಉಂಟು. ಅದರಿಂದ ಹಾಜರಿ ಪುಸ್ತಕ ತುಂಬುತ್ತದೆ, ತಪ್ಪಿದ ಪಾಠ ತುಂಬುವುದಿಲ್ಲ. ಎರಡು ವಾರದ ಶಿಬಿರ, ಒಂದು ವಾರದ ಪಂದ್ಯಾವಳಿ ಕಳೆದು ಬಂದವನು ತರ್ಕಶಾಸ್ತ್ರದ ತರಗತಿಯಲ್ಲಿ ಕುಳಿತರೆ ಅನ್ಯದೇಶಕ್ಕೆ ಬಂದಂತಾಗುತ್ತದೆ. ತಪ್ಪಿದ ಕಿರುಪರೀಕ್ಷೆಗೆ ಇನ್ನೊಂದು ದಿನ, ಬಿಟ್ಟ ಪಾಠಕ್ಕೆ ಅಧ್ಯಾಪಕರ ನಾಲ್ಕು ಗಂಟೆ, ಸಹಪಾಠಿಯ ಟಿಪ್ಪಣಿ ದೊರೆತರೆ ರಿಯಾಯಿತಿಗೆ ಅರ್ಥ ಬರುತ್ತದೆ.

ಹಳ್ಳಿಯಿಂದ ಬರುವ ವಿದ್ಯಾರ್ಥಿನಿಯರ ಕಷ್ಟ ಬೇರೆಯೇ. ಸಂಜೆ ಅಭ್ಯಾಸಕ್ಕೆ ನಿಂತರೆ ಊರಿನ ಬಸ್ಸು ಹೊರಟುಹೋಗುತ್ತದೆ. ಬೆಳಿಗ್ಗೆ ಬರೋಣವೆಂದರೆ ಕೊಟ್ಟಿಗೆಯ ಕೆಲಸ ಯಾರಿಗೆ ಬಿಡುವುದು? ಬ್ಯಾನಿಸ್ಟರ್ ಮಾಡಿದಂತೆ ಮಧ್ಯಾಹ್ನದ ವಿರಾಮದಲ್ಲಿಯೇ, ಅದನ್ನು ಅರ್ಧ ಗಂಟೆ ಬೆಳೆಸಿ, ಅವರಿಗೆ ಕಾಲೇಜಿನ ಬಯಲಿನಲ್ಲಿ ಅಭ್ಯಾಸ ಏರ್ಪಡಿಸಬಹುದು. ಮಾರ್ಚ್ ಬಿಸಿಲಿನಲ್ಲಿ ಇದು ಆಗದ ಮಾತು. ಮಳೆ ಬಿಡುವು ಕೊಟ್ಟ ದಿನಗಳಿಂದ ಸಂಕ್ರಾಂತಿಯವರೆಗೆ ಧಾರಾಳವಾಗಿ ನಡೆಯುತ್ತದೆ.