ಬಿಡಬಲ್ಲೆನೆಂಬ ನಂಬಿಕೆ: ಧೂಮಪಾನ ಮತ್ತು ಆತ್ಮವಿಶ್ವಾಸ

ಬೀಡಿ, ಸಿಗರೇಟು ಕೇಡೆಂಬುದು ಸೇದುವವನಿಗೂ ತಿಳಿದ ಮಾತೇ. ಪೊಟ್ಟಣದ ಮೇಲಿನ ಎಚ್ಚರಿಕೆಯ ಚಿತ್ರವನ್ನು ಅವನು ದಿನವೂ ಕಾಣುತ್ತಾನೆ. ಆದುದರಿಂದ ಆರೋಗ್ಯಪಾಠವು ರೋಗಗಳ ಪಟ್ಟಿಯಲ್ಲಿಯೇ ಮುಗಿದರೆ, ಬಿಡುವುದು ಹೇಗೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರು 1977ರಲ್ಲಿ ‘ಸ್ವಸಾಮರ್ಥ್ಯದ ನಂಬಿಕೆ’ ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಇದು ಹುಟ್ಟುಗುಣವಾದ ಧೈರ್ಯವಲ್ಲ. ಗೊತ್ತಾದ ಸಂದರ್ಭದಲ್ಲಿ ಗೊತ್ತಾದ ಕೆಲಸವನ್ನು ತಾನು ಮಾಡಬಲ್ಲೆನೆಂಬ ಭರವಸೆ. ತುಂಬಿದ ಸಭೆಯಲ್ಲಿ ಅಳುಕದೆ ಮಾತನಾಡುವವನೂ ಚಹಾದಂಗಡಿಯಲ್ಲಿ ಗೆಳೆಯನು ಚಾಚಿದ ಬೀಡಿಯ ಮುಂದೆ ಸೋಲಬಹುದು. ಅಮೆರಿಕದ ಕಾಂಡಿಯೋಟಿ ಮತ್ತು ಲಿಕ್ಟೆನ್‌ಸ್ಟೈನ್ ಎಂಬ ಸಂಶೋಧಕರು 1981ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ತೋರಿಸಿತು: ಯಾವ ಬಗೆಯ ಸಂದರ್ಭಗಳಲ್ಲಿ ತಮ್ಮ ಮೇಲೆ ನಂಬಿಕೆ ಸಾಲದೆಂದು ಜನರು ಮೊದಲೇ ಹೇಳಿದ್ದರೋ, ಬಹುಮಟ್ಟಿಗೆ ಅಂಥವುಗಳಲ್ಲಿಯೇ ಅವರು ಮರಳಿ ಸೇದಿದರು.

ಹೀಗಿರಲು, ‘ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎಂಬ ಸಾಮಾನ್ಯ ಉಪದೇಶದಿಂದ ಹೆಚ್ಚಿನ ಫಲವಿಲ್ಲ. ಊಟದ ಬಳಿಕವೋ, ಸಿಟ್ಟು ಬಂದಾಗಲೋ, ಮದುವೆಮನೆಯಲ್ಲೋ, ಎಲ್ಲಿ ಕಷ್ಟವೆಂದು ಕೇಳಬೇಕು. ಬಂಡೂರರ ಪ್ರಕಾರ ನಂಬಿಕೆಯನ್ನು ಎಲ್ಲಕ್ಕಿಂತ ಹೆಚ್ಚು ಬೆಳೆಸುವುದು ಸ್ವಂತ ಗೆಲುವಿನ ಅನುಭವ. ಊಟದ ನಂತರದ ಒಂದು ಬೀಡಿಯನ್ನು ತಪ್ಪಿಸಿದುದೂ ಗೆಲುವೇ. ಬಿಟ್ಟ ಮೊದಲ ಕೆಲವು ದಿನಗಳ ಚಡಪಡಿಕೆ, ನಿದ್ರೆಗೇಡುಗಳು ನಿಕೋಟಿನ್ ದೇಹಕ್ಕೆ ಸಿಗದುದರ ಲಕ್ಷಣಗಳು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತವೆ. ಇದನ್ನರಿಯದವನು ಅವನ್ನು ತನ್ನ ದೌರ್ಬಲ್ಯವೆಂದೇ ಬಗೆದು ಕೈಚೆಲ್ಲುತ್ತಾನೆ. ನಂಬಿಕೆಯೊಂದೇ ಸಾಕೆಂದೂ ಅಲ್ಲ. ವೈದ್ಯರ ಸಲಹೆ, ಔಷಧಗಳ ನೆರವು ಹಲವರಿಗೆ ಬೇಕಾಗುತ್ತದೆ; 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಉಂಟು.

ತರಗತಿಯಲ್ಲಿ ಒಂದು ಎಚ್ಚರ ಅಗತ್ಯ. ಮನೆಯಲ್ಲಿ ಯಾರು ಸೇದುತ್ತಾರೆಂದು ಮಕ್ಕಳನ್ನು ಎಲ್ಲರೆದುರು ಕೇಳಬಾರದು. ಸೊಲ್ಲಾಪುರದಂತಹ ಊರಿನಲ್ಲಿ ತಾಯಿ ಬೀಡಿ ಕಟ್ಟಿದ ಕೂಲಿಯಿಂದಲೇ ಮಗುವಿನ ಪುಸ್ತಕ ಬಂದಿರಬಹುದು. ಬದಲಿಗೆ ಕಲ್ಪಿತ ಸನ್ನಿವೇಶವೊಂದನ್ನು ಕೊಡಬಹುದು: ಇಪ್ಪತ್ತು ದಿನ ಬೀಡಿ ಮುಟ್ಟದಿದ್ದ ತಂದೆ ಜಾತ್ರೆಯಲ್ಲಿ ಒಂದು ಸೇದಿ, ತಲೆ ತಗ್ಗಿಸಿ ಮನೆಗೆ ಬಂದಿದ್ದಾನೆ. ಮಗಳು ಏನೆನ್ನಬೇಕು? ‘ನಿಮ್ಮಿಂದ ಆಗದು’ ಎಂದರೆ ಅವನು ಅದನ್ನೇ ನಂಬುವನು. ‘ಇಪ್ಪತ್ತು ದಿನ ಬಿಟ್ಟಿದ್ದಿರಲ್ಲಪ್ಪಾ, ಜಾತ್ರೆಯಲ್ಲಿ ಏನಾಯಿತು?’ ಎಂದು ಕೇಳಿದರೆ ಅವನು ಏನು ಹೇಳಬಹುದು? ಸಂಭಾಷಣೆಯ ಮುಂದಿನ ಭಾಗವನ್ನು ಮಕ್ಕಳೇ ಬರೆಯಲಿ.